ವಿಷ ಮುಟ್ಟಿದವರ ಹೆಸರು ಎಲ್ಲಿ?

1986ರ ಚೆರ್ನೋಬಿಲ್ ಅಣುಸ್ಥಾವರ ದುರಂತಕ್ಕೆ ಕೀವ್ ನಗರದಲ್ಲಿ 1992ರಲ್ಲೇ ಮ್ಯೂಸಿಯಂ ಆಯ್ತು. ಬೆಂಕಿ ಆರಿಸಿದವರು, ವಿಕಿರಣದ ಕಸ ಬಾಚಿದವರ ಫೋಟೋಗಳು ಅಲ್ಲಿವೆ.

ನಮ್ಮಲ್ಲೂ ದುರಂತವಿದೆ, ಅಣುವಿನದ್ದಲ್ಲ, ಕೀಟನಾಶಕದ್ದು. ಕಾಸರಗೋಡಿನ ಗೇರುತೋಟಗಳಿಗೆ 2000ದವರೆಗೆ, ಇಪ್ಪತ್ತು ವರ್ಷ ಮೀರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕನ್ನಡದ ಊರು ಪಡ್ರೆಯಲ್ಲಿ ಅಂಗವೈಕಲ್ಯದ ಮಕ್ಕಳು ಹುಟ್ಟಿದರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದಿತು. ಆದರೂ ಪಟ್ಟಿಗೆ ಹೆಸರು ಸೇರಿಸೋಕೆ ತಾಯಂದಿರು ಬೀದಿಗಿಳಿಯಬೇಕಾಯ್ತು.

ನಮ್ಮ ತಿಪಟೂರು, ತುರುವೇಕೆರೆ ಸೀಮೆಯಲ್ಲಿ ತೆಂಗಿನ ಬೇರಿಗೆ ಔಷಧಿ ಕಟ್ಟೋರು ಯಾರು? ನಮ್ಮ ಕೇರಿಯ ಕೂಲಿಗಳೇ, ಅದೂ ಬರಿಗೈಲಿ. ತೋಟದೋರ ಹತ್ರ ಕಾಯಿ ಲೆಕ್ಕ ಇದೆ. ವಿಷ ಮುಟ್ಟಿದ ಕೈಗಳ ಲೆಕ್ಕ ಯಾರಿಟ್ಟಿದ್ದಾರೆ? ಕೇರಿ ಕೇರಿಯಲ್ಲಿ ಹೆಸರು, ವಯಸ್ಸು, ಕಾಯಿಲೆ ನಾವೇ ಬರೆದಿಡೋಣ. ನಮ್ಮ ಮ್ಯೂಸಿಯಂ ಆ ನೋಟ್‌ಬುಕ್ಕಿಂದಲೇ ಶುರುವಾಗಲಿ.

ಜೈ ಭೀಮ್.