ವೇದವೈಷಮ್ಯ: ಹಲಸಿಯ ಯಾಪನೀಯರೂ ಜಪಾನಿನ ‘ಯುರಿ’ ಕಥಾಸಂಕಲನಗಳೂ

ಇಬ್ಬರು ಹೆಂಗಸರ ನಡುವಿನ ಪ್ರಣಯವನ್ನು ವಸ್ತುವಾಗಿ ಉಳ್ಳ ಸಣ್ಣಕತೆಗಳು ಜಪಾನಿನ ಚಿತ್ರಕಥಾ ಸಾಹಿತ್ಯವಾದ ‘ಮಂಗಾ’ದಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿವೆ. ಆ ಶಾಖೆಗೆ ‘ಯುರಿ’ ಎಂದು ಹೆಸರು. ಪದದ ಅರ್ಥ ಲಿಲಿ ಹೂವು. ಇಂತಹ ಸಂಕಲನವನ್ನು ಮೊದಲ ಬಾರಿಗೆ ತೆರೆಯುವ ಓದುಗರಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆಯೊಂದಿದೆ: ಈ ಇಬ್ಬರಲ್ಲಿ ಗಂಡಿನ ಸ್ಥಾನದಲ್ಲಿರುವವಳು ಯಾರು? ಈ ಪ್ರಶ್ನೆ ಜಪಾನಿನ ಪುಸ್ತಕದೊಡನೆ ಬಂದದ್ದೆಂದು ಭಾವಿಸಬೇಕಾಗಿಲ್ಲ. ಕರ್ನಾಟಕದ ಜೈನ ಆಚಾರ್ಯರು ಸಾವಿರ ವರ್ಷಗಳಿಗೂ ಹಿಂದೆ ಇದನ್ನು ಬೇರೊಂದು ಸಂದರ್ಭದಲ್ಲಿ ಎತ್ತಿಕೊಂಡು, ಪರಸ್ಪರ ವಿರುದ್ಧವಾದ ಎರಡು ಉತ್ತರಗಳನ್ನು ಕೊಟ್ಟಿದ್ದರು. ಅವರ ಚರ್ಚೆಯನ್ನು ಅರಿತವರಿಗೆ ಈ ಸಂಕಲನಗಳ ಓದು ಬೇರೆಯದೇ ಆಗಿ ಕಾಣುತ್ತದೆ.

ಆ ಚರ್ಚೆಯ ಒಂದು ಪಕ್ಷದ ಹಳೆಯ ನೆಲೆ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಹಲಸಿ. ಶಾಸನಗಳಲ್ಲಿ ಇದರ ಹೆಸರು ಪಲಾಶಿಕಾ. ಬನವಾಸಿಯ ಕದಂಬರ ಅರಸ ಮೃಗೇಶವರ್ಮನು ಐದನೆಯ ಶತಮಾನದ ಉತ್ತರಾರ್ಧದಲ್ಲಿ ತನ್ನ ತಂದೆಯ ಮೇಲಿನ ಭಕ್ತಿಯಿಂದ ಇಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಎಂಬ ಮೂರು ಸಂಘಗಳಿಗೆ 33 ನಿವರ್ತನ ಭೂಮಿಯನ್ನು ದಾನ ಮಾಡಿದನು. ಅವನ ಮಗ ರವಿವರ್ಮನ ಶಾಸನವು ಕಾರ್ತಿಕದ ಅಷ್ಟಾಹ್ನಿಕ ಮಹಿಮೆಯನ್ನೂ ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ನೀಡಬೇಕೆಂಬ ವ್ಯವಸ್ಥೆಯನ್ನೂ ಹೇಳುತ್ತದೆ. ಹಲಸಿಯಲ್ಲಿ ದೊರೆತ ಈ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದರು. ಯಾಪನೀಯರ ಇತಿಹಾಸವನ್ನು ಆಧುನಿಕ ಕಾಲದಲ್ಲಿ ಕ್ರಮವಾಗಿ ಶೋಧಿಸಿದ ಎ. ಎನ್. ಉಪಾಧ್ಯೆಯವರೂ ಇದೇ ಜಿಲ್ಲೆಯ ಸದಲಗಾದವರು.

ಯಾಪನೀಯ ಮುನಿಗಳು ದಿಗಂಬರರಂತೆ ನಗ್ನರಾಗಿರುತ್ತಿದ್ದರು. ಆದರೆ ಸ್ತ್ರೀಯು ಅದೇ ಭವದಲ್ಲಿ ಮೋಕ್ಷವನ್ನು ಪಡೆಯಬಲ್ಲಳು ಎಂಬ ಶ್ವೇತಾಂಬರ ಸಮ್ಮತವಾದ ಸಿದ್ಧಾಂತವನ್ನು ಎತ್ತಿಹಿಡಿದಿದ್ದರು. ಇವರ ಪರವಾಗಿ ‘ಸ್ತ್ರೀನಿರ್ವಾಣ ಪ್ರಕರಣ’ವನ್ನು ರಚಿಸಿದವನು ವೈಯಾಕರಣ ಶಾಕಟಾಯನ. ಇವನು ಒಂಬತ್ತನೆಯ ಶತಮಾನದವನು. ತನ್ನ ವ್ಯಾಕರಣದ ಸ್ವೋಪಜ್ಞ ವ್ಯಾಖ್ಯಾನಕ್ಕೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ನೆನಪಿನಲ್ಲಿ ‘ಅಮೋಘವೃತ್ತಿ’ ಎಂದು ಹೆಸರಿಟ್ಟವನು. ಸ್ತ್ರೀಮುಕ್ತಿಯ ವಾದವು ಸ್ತ್ರೀಯ ಬಯಕೆಯ ಚರ್ಚೆಯಾಗಿ ಹೇಗೆ ತಿರುಗಿತು ಎಂಬುದನ್ನು ತಿಳಿಯಲು ಜೈನ ಕರ್ಮಸಿದ್ಧಾಂತದ ‘ವೇದ’ ಎಂಬ ಪರಿಭಾಷೆಯನ್ನು ನೋಡಬೇಕು.

ಇಲ್ಲಿ ವೇದವೆಂದರೆ ಶ್ರುತಿಯಲ್ಲ, ಕಾಮಾನುಭವ. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಕೊನೆಯ ಮೂರು ಸ್ತ್ರೀವೇದ, ಪುಂವೇದ ಮತ್ತು ನಪುಂಸಕವೇದ. ಪುರುಷನನ್ನು ಬಯಸುವಂತೆ ಮಾಡುವುದು ಸ್ತ್ರೀವೇದ. ಸ್ತ್ರೀಯನ್ನು ಬಯಸುವಂತೆ ಮಾಡುವುದು ಪುಂವೇದ. ಇಬ್ಬರನ್ನೂ ಬಯಸುವಂತೆ ಮಾಡುವುದು ನಪುಂಸಕವೇದ. ದೇಹದ ಆಕಾರವನ್ನು ನಿರ್ಣಯಿಸುವುದು ನಾಮಕರ್ಮವೆಂಬ ಇನ್ನೊಂದು ಕರ್ಮ. ಹೀಗೆ ದೇಹಕ್ಕೂ ಬಯಕೆಗೂ ಎರಡು ಬೇರೆ ಕಾರಣಗಳನ್ನು ಹೇಳಿದ ಮೇಲೆ, ಅವೆರಡೂ ಸದಾ ಹೊಂದಿಕೊಂಡಿರಲೇಬೇಕೆಂಬ ನಿಯಮ ಉಳಿಯುವುದಿಲ್ಲ. ಚಾವುಂಡರಾಯನ ಗುರುವಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ, ದ್ರವ್ಯ ಮತ್ತು ಭಾವಗಳು ಪ್ರಾಯಶಃ ಸಮವಾಗಿದ್ದರೂ ಕೆಲವೆಡೆ ವಿಷಮವಾಗಿರುತ್ತವೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಇದೇ ವೇದವೈಷಮ್ಯ. ಹತ್ತನೆಯ ಶತಮಾನದ ಈ ಪ್ರಾಕೃತ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದನು. ದೇಹ ಬೇರೆ, ಬಯಕೆ ಬೇರೆ ಎಂಬ ವಿವೇಚನೆ ಕನ್ನಡ ಗದ್ಯಕ್ಕೆ ಆರೂವರೆ ಶತಮಾನಗಳಷ್ಟು ಹಳೆಯದು.

ಪುಂವೇದ ಹುಲ್ಲಿನ ಬೆಂಕಿ, ಸ್ತ್ರೀವೇದ ಬೆರಣಿಯ ಬೆಂಕಿ, ನಪುಂಸಕವೇದ ಇಟ್ಟಿಗೆಗೂಡಿನ ಬೆಂಕಿ ಎಂದು ನೇಮಿಚಂದ್ರನು ಹೋಲಿಸುತ್ತಾನೆ. ಒಂದು ಥಟ್ಟನೆ ಹೊತ್ತಿ ಆರುತ್ತದೆ, ಇನ್ನೊಂದು ಒಳಗೊಳಗೇ ಬೇಯುತ್ತದೆ, ಮತ್ತೊಂದು ಬಹುಕಾಲ ಧಗಧಗಿಸುತ್ತದೆ. ಈ ಹೋಲಿಕೆಯಲ್ಲಿ ತರತಮವಿದ್ದರೂ ಮೂರೂ ಬೆಂಕಿಯೇ. ಕ್ಷಪಕಶ್ರೇಣಿಯನ್ನೇರಿದ ಸಾಧಕನು ಒಂಬತ್ತನೆಯ ಗುಣಸ್ಥಾನದಲ್ಲಿ ಮೂರನ್ನೂ ಕ್ಷಯಗೊಳಿಸಬೇಕು. ಆದುದರಿಂದ ಶಾಸ್ತ್ರದ ಈ ವಿವೇಚನೆಯನ್ನು ಯಾವುದೇ ಬಯಕೆಯ ಸಮರ್ಥನೆಯೆಂದು ಓದುವುದು ತಪ್ಪಾಗುತ್ತದೆ. ಹಾಗೆಯೇ ಒಂದು ಬಯಕೆಯನ್ನು ಮಾತ್ರ ಲೋಕಬಾಹಿರವೆಂದು ಅದು ಪ್ರತ್ಯೇಕಿಸಿತೆಂದು ಹೇಳುವುದೂ ಸರಿಯಾಗದು.

ವೇದವೈಷಮ್ಯದಿಂದ ದಿಗಂಬರ ಆಚಾರ್ಯರಿಗೆ ಒಂದು ಕಠಿಣ ಸಮಸ್ಯೆಗೆ ಪರಿಹಾರ ದೊರೆಯಿತು. ‘ಷಟ್‌ಖಂಡಾಗಮ’ವು ‘ಮನುಷ್ಯಿಣಿ’ಗೆ ಹದಿನಾಲ್ಕು ಗುಣಸ್ಥಾನಗಳನ್ನು ಹೇಳುತ್ತದೆ, ಹಾಗಾದರೆ ಸ್ತ್ರೀಗೆ ಮೋಕ್ಷವಿದೆಯೆಂದು ಒಪ್ಪಬೇಕಾಗುತ್ತದೆ. ‘ಧವಳಾ’ ಟೀಕೆಯ ಕರ್ತೃ ವೀರಸೇನಾಚಾರ್ಯನು ಈ ಮನುಷ್ಯಿಣಿಯನ್ನು ಭಾವಸ್ತ್ರೀ ಎಂದು, ಎಂದರೆ ದೇಹದಿಂದ ಪುರುಷನಾಗಿದ್ದು ಸ್ತ್ರೀವೇದದ ಉದಯವುಳ್ಳವನು ಎಂದು ವಿವರಿಸಿದನು. ಇದು ಇಪ್ಪತ್ತನೆಯ ಶತಮಾನದಲ್ಲಿಯೂ ಜೀವಂತ ಪ್ರಶ್ನೆಯಾಗಿತ್ತು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಹೊರಬಂದಾಗ, 93ನೆಯ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದವಿರಬೇಕೇ ಬೇಡವೇ ಎಂದು ಪಂಡಿತರಲ್ಲಿ ದೀರ್ಘ ವಿವಾದ ನಡೆಯಿತು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಆ ಪದ ಇತ್ತು.

ಈ ವಿವರಣೆಯನ್ನು ತಿರುಗಿಸಿದರೆ, ಸ್ತ್ರೀಯನ್ನು ಬಯಸುವ ಸ್ತ್ರೀಯು ‘ಭಾವಪುರುಷ’ಳಾಗುತ್ತಾಳೆ: ದೇಹ ಹೆಣ್ಣಿನದು, ಉದಯದಲ್ಲಿರುವುದು ಪುಂವೇದ. ‘ಇಬ್ಬರಲ್ಲಿ ಗಂಡು ಯಾರು’ ಎಂಬ ಪ್ರಶ್ನೆಗೆ ಶಾಸ್ತ್ರವು ಕೊಟ್ಟ ಮೊದಲ ಉತ್ತರವಿದು. ಶಾಕಟಾಯನನು ಇದನ್ನು ಒಪ್ಪಲಿಲ್ಲ. ‘ಸ್ತ್ರೀ’ ಎಂಬ ಪದಕ್ಕೆ ಲೋಕಪ್ರಸಿದ್ಧವಾದ ಅರ್ಥವಿರುವಾಗ ಅದನ್ನು ಬಿಟ್ಟು ಪುರುಷದೇಹಿಯನ್ನು ಸೂಚಿಸುವುದೆನ್ನುವುದಕ್ಕೆ ಕಾರಣವಿಲ್ಲವೆಂಬುದು ಅವನ ವೈಯಾಕರಣ ನಿಲುವು. ಸಮಾನ ಲಿಂಗದವರಲ್ಲಿ ಬಯಕೆ ಹುಟ್ಟಿದರೂ ಅದನ್ನು ವಿವರಿಸಲು ಮತ್ತೊಂದು ವೇದವನ್ನು ಕಲ್ಪಿಸಬೇಕಾಗಿಲ್ಲ. ಪುರುಷನು ಪುರುಷನನ್ನು ಬಯಸಿದಾಗಲೂ ಅದು ಅವನದೇ ವೇದದ ಉದ್ರೇಕ. ಈ ತರ್ಕದಂತೆ, ಸ್ತ್ರೀಯನ್ನು ಬಯಸುವ ಸ್ತ್ರೀಯು ಸ್ತ್ರೀಯಾಗಿಯೇ ಉಳಿಯುತ್ತಾಳೆ. ಅವನ ಗುರಿ ಮೋಕ್ಷಾಧಿಕಾರದ ಸ್ಥಾಪನೆ. ಪ್ರಣಯದ ಪ್ರತಿಪಾದನೆ ಅವನ ಉದ್ದೇಶವಾಗಿರಲಿಲ್ಲ. ಆದರೂ ‘ಗಂಡು ಯಾರು’ ಎಂಬ ಪ್ರಶ್ನೆಯನ್ನೇ ಅನಾವಶ್ಯಕಗೊಳಿಸುವ ದಾರಿಯೊಂದು ಅವನ ವಾದದಲ್ಲಿ ತೆರೆದುಕೊಂಡಿತು. ಮೂಡುಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ ಹುಟ್ಟಿದ ಪದ್ಮನಾಭ ಎಸ್. ಜೈನಿಯವರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತು ಅನುವಾದದಿಂದ ಈ ವಾದಪ್ರತಿವಾದಗಳು ಲೋಕದ ವಿದ್ವಾಂಸರ ಗಮನಕ್ಕೆ ಬಂದವು.

ಈಗ ಜಪಾನಿನ ಕಡೆಗೆ ತಿರುಗಬಹುದು. ಅಲ್ಲಿಯ ಕಥಾಪರಂಪರೆಯೂ ಈ ಎರಡು ಉತ್ತರಗಳ ನಡುವೆಯೇ ಸಾಗಿಬಂದಿದೆ. 1914ರಲ್ಲಿ ಮೊದಲ ಪ್ರದರ್ಶನ ನೀಡಿದ ತಕರಝುಕಾ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ; ಪುರುಷಪಾತ್ರ ವಹಿಸುವ ನಟಿಯರಿಗೆ ಮಹಿಳಾ ಪ್ರೇಕ್ಷಕರ ಅಪಾರ ಅಭಿಮಾನ. ಆ ರಂಗಭೂಮಿಯ ಪ್ರಭಾವದಲ್ಲಿ ಬೆಳೆದ ಒಸಾಮು ತೆಝುಕಾ 1953ರಲ್ಲಿ ಆರಂಭಿಸಿದ ‘ರಿಬೋನ್ ನೋ ಕಿಶಿ’ ಎಂಬ ಮಂಗಾದ ನಾಯಕಿ ರಾಜಕುಮಾರಿ ಸಫಾಯರ್ ಹೆಣ್ಣಿನ ದೇಹದಲ್ಲಿ ಹೆಣ್ಣಿನ ಹೃದಯದ ಜೊತೆಗೆ ಗಂಡಿನ ಹೃದಯವನ್ನೂ ಹೊತ್ತು ಹುಟ್ಟಿದವಳು. ದ್ರವ್ಯ ಮತ್ತು ಭಾವಗಳ ವೈಷಮ್ಯವನ್ನು ಚಿತ್ರದಲ್ಲಿ ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ.

ಇನ್ನೊಂದು ಧಾರೆ ಯೋಶಿಯಾ ನೊಬುಕೊ (1896–1973) ಎಂಬ ಲೇಖಕಿಯದು. 1916ರಿಂದ ಬಾಲಕಿಯರ ಪತ್ರಿಕೆಯೊಂದರಲ್ಲಿ ಪ್ರಕಟವಾಗತೊಡಗಿದ ಆಕೆಯ ‘ಹನ ಮೊನೊಗತಾರಿ’ (ಹೂವಿನ ಕತೆಗಳು) ಒಂದೊಂದು ಹೂವಿನ ಹೆಸರು ಹೊತ್ತ 52 ಸಣ್ಣಕತೆಗಳ ಮಾಲೆ. ಬಾಲಿಕಾ ಶಾಲೆಗಳ ವಿದ್ಯಾರ್ಥಿನಿಯರ ನಡುವಿನ ಗಾಢವಾದ ಒಲವು, ಕಾಗದಗಳು, ಅಗಲಿಕೆ ಇವುಗಳ ವಸ್ತು. ಇಲ್ಲಿ ಇಬ್ಬರೂ ಹುಡುಗಿಯರೇ. ಗಂಡಿನ ಹೃದಯವನ್ನು ಯಾರಿಗೂ ಎರವಲು ತರಲಾಗಿಲ್ಲ. ಆದರೆ ಈ ಒಲವು ಮದುವೆಗೆ ಮುಂಚಿನ, ಕಳೆದುಹೋಗಲೇಬೇಕಾದ ಒಂದು ಋತುವೆಂದೇ ಆ ಕಾಲದ ಸಮಾಜ ಭಾವಿಸಿತ್ತು. ಕತೆಗಳಲ್ಲಿಯೂ ವಿರಹದ ಛಾಯೆಯೇ ಹೆಚ್ಚು. ಲೇಖಕಿಯಾದರೋ ಮೊನ್ಮ ಚಿಯೊ ಎಂಬವರೊಡನೆ ಸುಮಾರು ಐವತ್ತು ವರ್ಷ ಬಾಳಿದರು. ಇಬ್ಬರು ಸ್ತ್ರೀಯರ ಬಾಂಧವ್ಯಕ್ಕೆ ಕಾನೂನಿನಲ್ಲಿ ಬೇರೆ ಹೆಸರಿರಲಿಲ್ಲವಾಗಿ 1957ರಲ್ಲಿ ಚಿಯೊ ಅವರನ್ನು ದತ್ತುಮಗಳಾಗಿ ಸ್ವೀಕರಿಸಿದರು.

ಯುರಿ ಮಂಗಾದ ಮೊದಲ ಕೃತಿಯೆಂದು ಸಾಮಾನ್ಯವಾಗಿ ಗಣಿಸಲಾಗುವ ಯಮಗಿಶಿ ರ್ಯೋಕೊ ಅವರ ‘ಶಿರೊಯಿ ಹೆಯ ನೋ ಫುತಾರಿ’ (1971) ಇಬ್ಬರಲ್ಲೊಬ್ಬಳ ಸಾವಿನಲ್ಲಿ ಮುಗಿಯುತ್ತದೆ. ಮುಂದೆ ಬಹುಕಾಲ ಮರಣ ಅಥವಾ ವಿರಹ ಈ ವಸ್ತುವಿನ ನಿಶ್ಚಿತ ಅಂತ್ಯವೆಂಬಂತೆ ನಡೆಯಿತು. 2003ರಲ್ಲಿ ‘ಯುರಿ ಶಿಮಾಯಿ’, 2005ರಲ್ಲಿ ‘ಕಾಮಿಕ್ ಯುರಿ ಹಿಮೆ’ ಎಂಬ ಮೀಸಲು ಪತ್ರಿಕೆಗಳು ಹುಟ್ಟಿದ ಮೇಲೆ ಸ್ಥಿತಿ ಬದಲಾಯಿತು. ಪತ್ರಿಕೆಗೆ ಬಿಡಿ ಕತೆಗಳು ಬೇಕು. ಬಿಡಿ ಕತೆಗಳು ಕೂಡಿ ಸಂಕಲನವಾದವು. ಮೊರಿನಾಗ ಮಿರುಕು ಅವರ ‘ಕುಚಿಬಿರು ತಮೆಇಕಿ ಸಕುರಾಇರೋ’ ಇಂತಹ ಒಂದು ಸಂಕಲನ. ಕತೆಯಿಂದ ಕತೆಗೆ ಜೋಡಿ ಬದಲಾಗುತ್ತದೆ; ಕೆಲವರು ಮರಳಿ ಬರುತ್ತಾರೆ. ಒಬ್ಬಳು ಹೇಳಲಾರದೆ ಉಳಿಯುತ್ತಾಳೆ, ಇನ್ನೊಬ್ಬಳು ಹೇಳಿಬಿಡುತ್ತಾಳೆ.

ಇಂತಹ ಸಂಕಲನವನ್ನು ಆದ್ಯಂತವಾಗಿ ಓದಿದಾಗ ಆಗುವ ಪರಿಣಾಮ ಒಂದೇ ದೀರ್ಘ ಕೃತಿಯಿಂದ ಆಗದು. ಇಬ್ಬರ ಒಂದೇ ಕತೆಯಾದರೆ ಅವರು ಒಂದು ‘ಬಗೆ’ಯ ಪ್ರತಿನಿಧಿಗಳಾಗುತ್ತಾರೆ, ಅವರ ಸಾವು ಆ ಬಗೆಯ ತೀರ್ಪೆಂದು ತೋರುತ್ತದೆ. ಹಲವು ಜೋಡಿಗಳು ಸಾಲಾಗಿ ಬಂದಾಗ ‘ಗಂಡು ಯಾರು’ ಎಂಬ ಪ್ರಶ್ನೆಗೆ ಮೊದಲ ಕತೆಯಲ್ಲಿ ಹುಡುಕಿದ ಉತ್ತರ ಎರಡನೆಯದಕ್ಕೆ ಹೊಂದುವುದಿಲ್ಲ, ಎರಡನೆಯದು ಮೂರನೆಯದಕ್ಕೆ ಹೊಂದುವುದಿಲ್ಲ. ಕೊನೆಗೆ ಓದುಗನು ಆ ಪ್ರಶ್ನೆಯನ್ನು ಕೈಬಿಡುತ್ತಾನೆ. ಜೈನ ಕಥಾಕೋಶಗಳ ಓದುಗರಿಗೆ ಈ ಅನುಭವ ಅಪರಿಚಿತವಲ್ಲ. ‘ವಡ್ಡಾರಾಧನೆ’ಯ 19 ಕತೆಗಳೂ ಆರಾಧನೆಯ ಒಂದೇ ತತ್ತ್ವಕ್ಕೆ ದೃಷ್ಟಾಂತಗಳು, ಆದರೂ ಸುಕುಮಾರಸ್ವಾಮಿಯ ಕೋಮಲತೆಯೇ ಬೇರೆ, ವಿದ್ಯುಚ್ಚೋರನ ಚಾತುರ್ಯವೇ ಬೇರೆ. ಶಾಸ್ತ್ರವು ಜೀವಗಳನ್ನು ವರ್ಗೀಕರಿಸುತ್ತದೆ, ಕಥಾಕೋಶವು ಅವುಗಳನ್ನು ಒಂದೊಂದಾಗಿ ಕರೆದು ತೋರಿಸುತ್ತದೆ.

ಬೆಳಗಾವಿ ಸೀಮೆಯ ಓದುಗರಿಗೆ ಮರಾಠಿಯೂ ನೆರೆಮನೆಯ ಭಾಷೆ. ಆ ಭಾಷೆಯಲ್ಲಿ ವಿಜಯ ತೆಂಡೂಲ್ಕರರ ‘ಮಿತ್ರಾಚೀ ಗೋಷ್ಟ’ (1981) ಸ್ತ್ರೀಯನ್ನು ಪ್ರೀತಿಸುವ ಸ್ತ್ರೀಯನ್ನು ರಂಗದ ಮೇಲೆ ತಂದ ದಿಟ್ಟ ನಾಟಕ. ನಾಯಕಿ ಸುಮಿತ್ರಾ ಎಲ್ಲರಿಗೂ ‘ಮಿತ್ರಾ’. ಗೆಳತಿಗೆ ಮರಾಠಿಯಲ್ಲಿ ‘ಮೈತ್ರೀಣ’ ಎಂಬ ಸ್ತ್ರೀಲಿಂಗ ಪದವಿದ್ದರೂ ಅವಳಿಗೆ ಅಂಟಿದ್ದು ಪುಲ್ಲಿಂಗದ ‘ಮಿತ್ರ’ನ ಧ್ವನಿಯುಳ್ಳ ಹೆಸರು. ಕಾಲೇಜಿನ ನಾಟಕದಲ್ಲಿ ಪುರುಷಪಾತ್ರ ವಹಿಸಿದಾಗ ಅವಳ ಒಲವು ಅವಳಿಗೇ ಸ್ಪಷ್ಟವಾಗುತ್ತದೆ. ಕೊನೆಗೆ ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಭಾವಪುರುಷ ಎಂಬ ಹಳೆಯ ಉತ್ತರವೂ ಮರಣವೆಂಬ ಅಂತ್ಯವೂ ಇಲ್ಲಿ ಒಟ್ಟಿಗೆ ಬಂದಿವೆ. ಅವಳ ಕತೆ ಒಂಟಿ ಕತೆ. ಅವಳ ಪಕ್ಕದಲ್ಲಿ ನಿಲ್ಲಿಸಿ ನೋಡಲು ಮತ್ತೊಬ್ಬ ಮಿತ್ರಾ ಆ ರಂಗದ ಮೇಲೆ ಇರಲಿಲ್ಲ. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಪುರುಷರ ನಡುವಿನ ಪ್ರೇಮವನ್ನು ಕಥಾಸಂಕಲನದ ರೂಪದಲ್ಲಿಯೇ ತಂದಿತು ಎಂಬುದನ್ನು ಇಲ್ಲಿ ನೆನೆಯಬಹುದು.

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರತಂದಿತು. 2023ರ ಅಕ್ಟೋಬರ್ 17ರಂದು ಅಂತಹವರ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಕಾನೂನು ಈ ಬಾಂಧವ್ಯಕ್ಕೆ ಹೆಸರು ಹುಡುಕುತ್ತಿರುವ ಕಾಲದಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಹಲಸಿಯ ಪರಂಪರೆಯಿಂದ ದೊರೆಯುವ ಪಾಠ ಸಣ್ಣದು, ಆದರೆ ಖಚಿತವಾದದ್ದು. ದೇಹ ಮತ್ತು ಬಯಕೆಗಳನ್ನು ಬೇರ್ಪಡಿಸಿ ನೋಡುವ ಪರಿಭಾಷೆ ಹೊರಗಿನಿಂದ ಬರಬೇಕಾಗಿಲ್ಲ. ದ್ರವ್ಯ, ಭಾವ, ವೇದವೈಷಮ್ಯ ಎಂಬ ಪದಗಳು ಕೈಯಲ್ಲಿಯೇ ಇವೆ. ಅವುಗಳನ್ನು ಬಳಸುವಾಗ ಶಾಕಟಾಯನನ ಎಚ್ಚರವನ್ನೂ ಜೊತೆಗಿಟ್ಟುಕೊಳ್ಳಬೇಕು. ಕತೆಯಲ್ಲಿ ಸ್ತ್ರೀ ಎಂದು ಬರೆದಿರುವಲ್ಲಿ ಸ್ತ್ರೀ ಎಂದೇ ಓದಬೇಕು. ಅವಳು ಪ್ರೀತಿಸಿದಳೆಂಬ ಕಾರಣಕ್ಕೆ ಅವಳೊಳಗೆ ಒಬ್ಬ ಗಂಡಸನ್ನು ಹುಡುಕಬೇಕಾಗಿಲ್ಲ.