ಬೇಡರ ಇರುಳ ದಾಳಿ: ವಾಗಣಗೇರಾ ಮತ್ತು ಸುರಪುರ

ಕೃಷ್ಣಾ ಭೀಮಾ ನದಿಗಳ ಸೀಮೆಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳೆಂಬ ಮೂರು ಊರುಗಳಿವೆ. ಈ ಕಡೆಯ ಬೆಟ್ಟಗಳು ಮಲೆನಾಡಿನ ಬೆಟ್ಟಗಳಂತಲ್ಲ. ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿ, ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದಂತೆ ಕಾಣುತ್ತವೆ. ಬಂಡೆಬಂಡೆಗಳ ನಡುವೆ ಒಬ್ಬನೇ ನುಸುಳಬಹುದಾದ ಸಂದುಗಳು. ಹಗಲಿನಲ್ಲಿ ಹೊರಗಿನವನಿಗೆ ದಾರಿ ಕಾಣದು, ಇರುಳಿನಲ್ಲಿಯೂ ಒಳಗಿನವನಿಗೆ ದಾರಿ ತಪ್ಪದು. ಈ ನೆಲದಲ್ಲಿ ಒಂದೂವರೆ ಶತಮಾನದ ಅಂತರದಲ್ಲಿ ಇಬ್ಬರು ನಾಯಕರು ಒಂದೇ ಪ್ರಶ್ನೆಯನ್ನು ಎದುರಿಸಿದರು. ತಮಗಿಂತ ಬಹು ದೊಡ್ಡದಾದ ಸೈನ್ಯದ ಮೇಲೆ ಆಯ್ದ ಸಣ್ಣ ಪಡೆಯನ್ನು ಹಠಾತ್ತನೆ ಬಿಡಬೇಕೆ, ಬಿಡುವುದಾದರೆ ಅದಕ್ಕೆ ಮುಂಚಿತವಾಗಿ ಏನೇನು ಸಿದ್ಧಪಡಿಸಿಕೊಂಡಿರಬೇಕು ಎಂಬುದೇ ಆ ಪ್ರಶ್ನೆ. ಒಬ್ಬನು ಕೋಟೆಯನ್ನು ಕಳೆದುಕೊಂಡರೂ ಜನರನ್ನು ಉಳಿಸಿದನು. ಇನ್ನೊಬ್ಬನು ಒಂದೇ ದಿನದಲ್ಲಿ ಎಲ್ಲವನ್ನೂ ಕಳೆದುಕೊಂಡನು.

ಈ ಬಗೆಯ ಯುದ್ಧಕ್ಕೆ ಈಗ ‘ಕಮಾಂಡೋ’ ಎಂಬ ಹೆಸರು ಎಲ್ಲರ ಬಾಯಲ್ಲಿಯೂ ಇದೆ. ಆ ಮಾತು ದಕ್ಷಿಣ ಆಫ್ರಿಕದ ಬೋಯರ್ ರೈತರ ಕುದುರೆಪಡೆಗಳಿಂದ ಬಂದುದು. ೧೯೪೦ರಲ್ಲಿ ಇಂಗ್ಲಿಷರು ಅದನ್ನು ತಮ್ಮ ಆಯ್ದ ಪಡೆಗಳಿಗೆ ಇಟ್ಟುಕೊಂಡರು. ನಮ್ಮ ದೇಶದಲ್ಲಿ ೧೯೬೫ರ ಯುದ್ಧಕಾಲದಲ್ಲಿ ಮೇಜರ್ ಮೇಘ ಸಿಂಗನು ಕಟ್ಟಿದ ‘ಮೇಘದೂತ’ ಪಡೆಯು ಮರುವರ್ಷ ಪ್ಯಾರಾ ಕಮಾಂಡೋ ಪಡೆಗೆ ಮೂಲವಾಯಿತು. ನಮ್ಮ ಬೆಳಗಾವಿಯಲ್ಲಿಯೇ ಸೈನ್ಯದ ಕಮಾಂಡೋ ಶಿಕ್ಷಣಶಾಲೆಯಿದೆ. ಇಂಥ ಪಡೆಗಳಿಗೆ ಯಾರನ್ನೂ ಬಲವಂತದಿಂದ ಸೇರಿಸುವುದಿಲ್ಲ. ತಾನಾಗಿ ಮುಂದೆ ಬಂದವನನ್ನು ತಿಂಗಳುಗಟ್ಟಲೆ ಹಸಿವು, ನಿದ್ದೆಗೇಡು, ಹೊರೆಗಳಲ್ಲಿ ಪರೀಕ್ಷಿಸಿ, ಬಹುಮಂದಿಯನ್ನು ಹಿಂದಕ್ಕೆ ಕಳುಹಿಸುತ್ತಾರೆ. ಅಲ್ಲಿಗೆ ಹೋಗಬೇಕೆ ಎಂದು ಯೋಚಿಸುವ ತರುಣರು ಸಾಮಾನ್ಯವಾಗಿ ತಮ್ಮ ಮೈಬಲವನ್ನು ಅಳೆದುಕೊಳ್ಳುತ್ತಾರೆ. ಸುರಪುರದ ಕಥೆಯಲ್ಲಿ ಮೈಬಲಕ್ಕೂ ಧೈರ್ಯಕ್ಕೂ ಎರಡು ಸಲವೂ ಕೊರತೆಯಿರಲಿಲ್ಲ.

ಈ ನಾಡಿನ ಬೇಡರು ಕೋವಿಯ ಗುರಿಯಲ್ಲಿ ನಿಸ್ಸೀಮರೆಂದು ಅವರ ಶತ್ರುಗಳೇ ಬರೆದಿಟ್ಟಿದ್ದಾರೆ. ಇರುಳ ದಾಳಿಯಲ್ಲಿ ಅವರನ್ನು ಮೀರಿಸಿದವರಿಲ್ಲವೆಂದೂ, ಒಡೆಯನಿಗೆ ತಪ್ಪದವರೆಂದೂ ಹೇಳಿದ್ದಾರೆ. ಪಾರಸಿ ಬಲ್ಲವರು ಅವರ ಹೆಸರನ್ನು ‘ಬೇ-ಡರ್’, ಎಂದರೆ ಅಂಜಿಕೆಯಿಲ್ಲದವರು, ಎಂದು ಒಡೆದು ಚಮತ್ಕಾರ ಮಾಡುತ್ತಿದ್ದರು. ಮುಂದೆ ಹೈದರಾಲಿಯೂ ಟೀಪುವೂ ತಮ್ಮ ಸೈನ್ಯಕ್ಕೆ ಬೇಡರನ್ನು ಆಸೆಯಿಂದ ಸೇರಿಸಿಕೊಂಡರು. ಸೇವೆಗೆ ಪ್ರತಿಯಾಗಿ ಭೂಮಿಯನ್ನು ಪಡೆದ ಈ ಜನಕ್ಕೆ ಯುದ್ಧವು ಸಂಬಳದ ಉದ್ಯೋಗವಾಗಿರಲಿಲ್ಲ. ಅದು ಮನೆತನದ ಬಾಳುವೆ. ಬೇಡನ ಮಗನಿಗೆ ಬೇಟೆಯೇ ಪಾಠಶಾಲೆ. ಜಾಡು ಹಿಡಿಯುವುದು, ಉಸಿರು ಬಿಗಿಹಿಡಿದು ಕಾಯುವುದು, ಒಂದೇ ಗುಂಡಿಗೆ ಕೆಲಸ ಮುಗಿಸುವುದು, ಇವನ್ನೆಲ್ಲ ಅವನು ಕಾಳಗಕ್ಕಿಂತ ಮೊದಲು ಕಾಡಿನಲ್ಲಿಯೇ ಕಲಿತಿರುತ್ತಿದ್ದನು. ಆದುದರಿಂದ ಸಿದ್ಧತೆಯ ಒಂದು ಭಾಗ ಈ ನಾಯಕರಿಗೆ ಹುಟ್ಟಿನಿಂದಲೇ ದೊರಕಿತ್ತು. ಉಳಿದ ಭಾಗವನ್ನು ಅವರು ತಾವೇ ಮಾಡಿಕೊಳ್ಳಬೇಕಾಗಿತ್ತು.

೧೬೮೭ರಲ್ಲಿ ಗೋಲ್ಕೊಂಡೆ ಬಿದ್ದ ಬಳಿಕ ಬೇಡರ ಅರಸ ಪಾಮನಾಯಕನು ಶಹಾಪುರದ ಬಳಿಯ ಸಾಗರದ ಕೋಟೆಯನ್ನು ಮೊಗಲರಿಗೆ ಒಪ್ಪಿಸಬೇಕಾಯಿತು. ಬಾದಶಹನ ದರ್ಬಾರಿಗೆ ಹೋದ ಕೆಲವೇ ದಿನಗಳಲ್ಲಿ ಅವನು ತೀರಿಕೊಂಡನು. ಅವನ ಉತ್ತರಾಧಿಕಾರಿ ಪಿಡ್ಡನಾಯಕನು ಮೊಗಲರ ಸೇವೆಗೆ ಸೇರಿ, ರಾಯಚೂರಿನ ಮುತ್ತಿಗೆಯಲ್ಲಿ ಅವರ ಪರವಾಗಿ ಕೆಲಸ ಮಾಡಿದನು. ಅನಂತರ, ಊರಿಗೆ ಹೋಗಿ ಇನ್ನಷ್ಟು ಜನರನ್ನು ಕೂಡಿಸಿಕೊಂಡು ಬರುವೆನೆಂದು ಒಂದು ವಾರದ ಅಪ್ಪಣೆ ಪಡೆದು ಹೊರಟನು; ಮರಳಿ ಬರಲಿಲ್ಲ. ಸಾಗರಕ್ಕೆ ಪಶ್ಚಿಮದಲ್ಲಿರುವ ವಾಗಣಗೇರಾದ ಗುಡ್ಡದಲ್ಲಿ ನೆಲೆನಿಂತು ಕೋಟೆಯನ್ನು ಬಲಪಡಿಸಿದನು, ಸಾವಿರಗಟ್ಟಲೆ ಕಾಲಾಳುಗಳನ್ನು ಕೂಡಿಸಿದನು, ತೋಪು ಮದ್ದುಗಳನ್ನು ತುಂಬಿದನು. ೧೬೯೧ರಿಂದ ಮುಂದೆ ಮೊಗಲ ಸರದಾರರು ಒಬ್ಬರ ಹಿಂದೊಬ್ಬರು ದಂಡೆತ್ತಿ ಬಂದರು. ಪಿಡ್ಡನಾಯಕನು ಕಾದಬಲ್ಲಷ್ಟು ಕಾದಿ, ಬಗ್ಗಬೇಕಾದಾಗ ಬಗ್ಗಿ ಕಪ್ಪವನ್ನು ತೆತ್ತನು; ಬೆನ್ನು ತಿರುಗಿದೊಡನೆ ಮೊದಲಿನ ಕೆಲಸಕ್ಕೆ ಕೈಹಾಕಿದನು. ಇದನ್ನು ಮೊಗಲ ಬಖೈರುಗಾರರು ವಂಚನೆಯೆಂದು ಜರೆದಿದ್ದಾರೆ. ಅವರು ಹಾಗೆ ಬರೆಯುವುದು ಸಹಜವೇ. ನನಗಾದರೋ, ತನಗೆ ಎಷ್ಟು ಕಾಲ ಬೇಕೆಂಬುದನ್ನು ಅರಿತ ಒಬ್ಬ ಮನುಷ್ಯನು ಆ ಕಾಲವನ್ನು ಹಣ ತೆತ್ತು ಕೊಂಡಂತೆ ಕಾಣುತ್ತದೆ.

೧೭೦೫ನೆಯ ಇಸವಿ ಫೆಬ್ರವರಿ ೮ರಂದು ಔರಂಗಜೇಬನು ತಾನೇ ವಾಗಣಗೇರಾದ ಮುಂದೆ ಬಂದಿಳಿದನು. ಆಗ ಅವನಿಗೆ ೮೬ ವರ್ಷ. ಅವನ ಜೊತೆಯಲ್ಲಿ ತರ್ಬಿಯತ್ ಖಾನ, ಮಹಮ್ಮದ್ ಅಮೀನ್ ಖಾನ, ಚಿನ್ ಕಿಲಿಚ್ ಖಾನ ಮೊದಲಾದ ಹೆಸರಾಂತ ಸರದಾರರಿದ್ದರು. ಕಡೆಯ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಬೇಡರು ದಿನದಿನವೂ ಹೊರಬಿದ್ದು ಕಾದುತ್ತಿದ್ದರು. ಬಂಡೆಗಳ ಮರೆಯಿಂದ ಅವರ ಗುಂಡುಗಳು ಸುಳ್ಳಾಗುತ್ತಿರಲಿಲ್ಲ. ಮೊಗಲರು ‘ಲಾಲ್ ಟೀಕ್ರಿ’ ಎಂದು ಕರೆದ ಕೆಂಪು ದಿಣ್ಣೆಯೊಂದನ್ನು ಒಂದು ಬೆಳಗ್ಗೆ ವಶಪಡಿಸಿಕೊಂಡರು. ಅಲ್ಲಿಂದ ಕೋಟೆಯ ಗೋಡೆ ಕೈಗೆಟುಕುವಂತಿತ್ತು. ಆದರೆ ನೆಲವನ್ನು ಅಗೆದು ಭದ್ರಪಡಿಸಿಕೊಳ್ಳುವುದಕ್ಕೆ ಮುಂಚೆಯೇ ಬೇಡರು ಇರುವೆಗಳಂತೆ ಮೇಲೇರಿ ಬಂದು ಅವರನ್ನು ಹೊಡೆದಟ್ಟಿದರು. ಅಂದಿನ ಅವಕಾಶ ತಪ್ಪಿದ್ದರಿಂದ ಮುತ್ತಿಗೆಯು ವಾರಗಟ್ಟಲೆ ಎಳೆಯಿತು.

ಆದರೂ ಕೋಟೆ ಎಂದಾದರೊಂದು ದಿನ ಬೀಳುವುದೆಂಬುದು ಪಿಡ್ಡನಾಯಕನಿಗೆ ತಿಳಿದಿತ್ತೆಂದು ತೋರುತ್ತದೆ. ಮಾರ್ಚಿ ೨೬ರಂದು ನಡೆದುದನ್ನು ನೋಡಿದರೆ ಈ ಮಾತು ಬರಿಯ ಊಹೆಯಲ್ಲ. ಅಂದು ಧನಾಜಿ ಜಾಧವನೂ ಹಿಂದೂರಾಯನೂ ಐದಾರು ಸಾವಿರ ಮರಾಟ ಕುದುರೆಪಡೆಯೊಡನೆ ಬಂದರು. ಅವರ ಹಲವರ ಹೆಂಡಿರು ಮಕ್ಕಳು ಈ ಕೋಟೆಯಲ್ಲಿಯೇ ಆಶ್ರಯ ಪಡೆದಿದ್ದರು. ದೊಡ್ಡ ದಂಡು ಒಂದು ಕಡೆ ಮೊಗಲರನ್ನು ಕಾಳಗದಲ್ಲಿ ತೊಡಗಿಸಿ ಹಿಡಿದಿರಲು, ಎರಡು ಮೂರು ಸಾವಿರ ಆಯ್ದ ರಾವುತರು ಕೋಟೆಯ ಇನ್ನೊಂದು ಮಗ್ಗುಲಿಗೆ ನುಗ್ಗಿ, ಹೆಂಗಸರನ್ನೂ ಮಕ್ಕಳನ್ನೂ ವೇಗದ ಕುದುರೆಗಳ ಮೇಲೆ ಏರಿಸಿಕೊಂಡು ಪಾರಾದರು. ಕೋಟೆಯೊಳಗಿನ ಕಾಲಾಳುಗಳು ಆ ಹೊತ್ತಿಗೆ ಸರಿಯಾಗಿ ಹೊರಬಿದ್ದು ಅವರಿಗೆ ನೆರವಾದರು. ಇಂದಿನ ಸೈನಿಕ ವಿದ್ಯಾಲಯದಲ್ಲಿ ಇದನ್ನು ಪಾಠವಾಗಿ ಹೇಳಬಹುದು. ಒಳಗೂ ಹೊರಗೂ ಗೊತ್ತಾದ ವೇಳೆ, ಶತ್ರುವಿನ ಕಣ್ಣನ್ನು ಬೇರೆಡೆಗೆ ಸೆಳೆಯುವ ಕಾಳಗ, ಕೆಲಸವಾದೊಡನೆ ಹಿಂದಿರುಗುವ ದಾರಿ, ಯಾವುದನ್ನೂ ಆ ಗಳಿಗೆಯ ಅದೃಷ್ಟಕ್ಕೆ ಬಿಟ್ಟಿರಲಿಲ್ಲ. ಕೊಲ್ಲುವುದು ಅಲ್ಲಿ ಉದ್ದೇಶವೇ ಆಗಿರಲಿಲ್ಲವೆಂಬುದನ್ನೂ ಗಮನಿಸಬೇಕು.

ಅನಂತರ ನಡೆದುದು ಸ್ವಲ್ಪ ನಗೆ ಬರಿಸುವ ಕಥೆ. ಅಬ್ದುಲ್ ಘನಿಯೆಂಬ ಕಾಶ್ಮೀರದ ಮಾರಾಟಗಾರನ ಕೈಯಲ್ಲಿ ಸಂಧಿಯ ಮಾತು ಬಂದಿತು. ಪಿಡ್ಡನಾಯಕನ ತಮ್ಮ ಸೋಮಶಂಕರನು ಒತ್ತೆಯಾಗಿ ಬಾದಶಹನ ಪಾಳೆಯಕ್ಕೆ ಹೋದನು. ಮುಹ್ತಶಮ್ ಖಾನನು ಕೋಟೆಯನ್ನು ವಹಿಸಿಕೊಳ್ಳಲು ಕೆಲವೇ ಆಳುಗಳೊಡನೆ ಒಳಹೊಕ್ಕನು. ಪಾಳೆಯದಲ್ಲಿ ಜಯದ ಸಂಭ್ರಮವೂ ಆಯಿತು. ಇತ್ತ ಒಳಗೆ ಹೋದ ಖಾನನು ಕೋಟೆಯ ಒಡೆಯನಾಗುವ ಬದಲು ಸೆರೆಯಾಳಾದನು. ನಾಯಕನಿಗೆ ಹುಚ್ಚು ಹಿಡಿಯಿತೆಂದೂ, ಅವನು ಮರಾಟರೊಡನೆ ಓಡಿಹೋದನೆಂದೂ ಸುದ್ದಿ ಹಬ್ಬಿತು. ಎಲ್ಲವೂ ಕಾಲ ಕಳೆಯುವ ಹೂಟವೆಂದು ಗೊತ್ತಾಗುವ ವೇಳೆಗೆ ಬೇಡರಿಗೆ ಬೇಕಾದಷ್ಟು ದಿನಗಳು ದೊರಕಿದ್ದವು.

ಕಡೆಗೆ ಜುಲ್ಫಿಕರ್ ಖಾನನು ಬಂದು, ದಿಣ್ಣೆಯ ಬಳಿಯ ಬಾವಿಗಳನ್ನು ಹಿಡಿದನು. ನೀರು ಕೈತಪ್ಪಿತು. ಏಪ್ರಿಲ್ ೨೭ರಂದು ತಳವಾರಗೇರಾ ಎಂಬ ಕೇರಿಯು ಲಗ್ಗೆಗೆ ಸಿಕ್ಕಿತು. ಅದೇ ರಾತ್ರಿ ಪಿಡ್ಡನಾಯಕನು ಮನೆಗಳಿಗೆ ಬೆಂಕಿಯಿಟ್ಟು, ತನ್ನವರೊಡನೆ ಹಿಂದಿನ ದಾರಿಯಿಂದ ಇಳಿದು ಮರಾಟರೊಂದಿಗೆ ಮರೆಯಾದನು. ಮೊಗಲರು ಒಳಹೊಕ್ಕಾಗ ಉರಿಯುವ ಬರಿಯ ಗೋಡೆಗಳು ಸಿಕ್ಕಿದವು. ಬಾದಶಹನು ಕೋಟೆಗೆ ‘ರಹಮಾನ್ ಬಖ್ಷ್’ ಎಂದು ಹೊಸ ಹೆಸರಿಟ್ಟು, ದೇವಾಪುರದ ಬೀಡಿನಲ್ಲಿ ಕಾಯಿಲೆ ಬಿದ್ದನು. ಅದೇ ಅವನ ಕೊನೆಯ ಮುತ್ತಿಗೆ. ೧೭೦೭ರಲ್ಲಿ ಅವನು ಅಹಮದನಗರದಲ್ಲಿ ತೀರಿಕೊಂಡನು. ಬೇಡರು ಉಳಿದರು. ಅವರ ನಾಯಕರು ಸುರಪುರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಇನ್ನೂ ಒಂದೂವರೆ ಶತಮಾನ ಆಳಿದರು.

ಈಗ ಎರಡನೆಯ ನಾಯಕನಿಗೆ ಬರೋಣ. ರಾಜಾ ವೆಂಕಟಪ್ಪನಾಯಕನು ಎಳೆಯ ಮಗುವಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡನು. ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಮೆಡೋಸ್ ಟೇಲರನ ಕಣ್ಣೆದುರಿಗೆ ಬೆಳೆದನು. ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ೧೮೫೩ರಲ್ಲಿ ಪ್ರಾಯಕ್ಕೆ ಬಂದ ರಾಜನಿಗೆ ಅಧಿಕಾರವನ್ನು ಒಪ್ಪಿಸಿ ಟೇಲರನು ಹೊರಟುಹೋದನು. ಆ ಮುಂದಿನ ಸಂಗತಿಗಳಿಗೆ ನಮಗಿರುವ ಮುಖ್ಯ ಸಾಕ್ಷಿ ಟೇಲರನ ಆತ್ಮಕಥೆಯೇ. ಅದು ಪ್ರೀತಿಯಿಂದ ಬರೆದುದು, ಆದರೆ ಆಳುವವರ ಕಡೆಯಿಂದ ಬರೆದುದು; ಓದುವಾಗ ಎರಡನ್ನೂ ಮರೆಯಬಾರದು.

೧೮೫೭ರ ದಂಗೆಯ ಸುದ್ದಿ ದಕ್ಷಿಣಕ್ಕೆ ಬಂದಾಗ ಕರ್ಣಾಟಕದ ಬೇಡರಲ್ಲಿ ಕಳವಳ ಆಗಲೇ ತುಂಬಿತ್ತು. ಆಯುಧಗಳನ್ನು ಒಪ್ಪಿಸಬೇಕೆಂಬ ಕಾನೂನನ್ನು ಮೀರಿದುದಕ್ಕಾಗಿ ಮುಧೋಳದ ಕಡೆಯ ಹಲಗಲಿಯನ್ನು ಅದೇ ವರ್ಷದ ನವೆಂಬರಿನಲ್ಲಿ ಇಂಗ್ಲಿಷರು ಸುಟ್ಟಿದ್ದರು. ಕೋವಿಯನ್ನು ಕಿತ್ತುಕೊಳ್ಳುವುದೆಂದರೆ ಬೇಡನ ಬಾಳನ್ನೇ ಕಿತ್ತುಕೊಂಡಂತೆ. ಸುರಪುರದಲ್ಲಿ ಬೇಡರು ಕೂಡತೊಡಗಿದರು. ಅವರೊಡನೆ ಅರಬರೂ ರೋಹಿಲರೂ ಸಂಬಳಕ್ಕೆ ಬಂದರು. ಹೈದರಾಬಾದಿನ ರೆಸಿಡೆಂಟನು ಎಚ್ಚರಿಕೆ ಹೇಳಲು ಕ್ಯಾಪ್ಟನ್ ಕ್ಯಾಂಬೆಲನನ್ನು ಕಳುಹಿಸಿದನು. ಪ್ರಾಣಕ್ಕೆ ಅಪಾಯವಿದೆಯೆಂದು ತಿಳಿದು ಅವನು ಲಿಂಗಸುಗೂರಿಗೆ ಹಿಂದಿರುಗಿದನು. ಅಲ್ಲಿಂದಾಚೆಗೆ ರಾಜನ ಮುಂದೆ ಉಳಿದ ದಾರಿಗಳು ಎರಡೇ: ಬಗ್ಗುವುದು, ಇಲ್ಲವೇ ಹೊಡೆಯುವುದು. ಬಗ್ಗಿ ಕಾಲವನ್ನು ಗಳಿಸಿಕೊಳ್ಳುವ ಪಿಡ್ಡನಾಯಕನ ವಿದ್ಯೆ ಅವನಿಗೆ ಬರಲಿಲ್ಲ. ಇಪ್ಪತ್ತಮೂರು ಇಪ್ಪತ್ತನಾಲ್ಕರ ತರುಣನಿಗೆ ಅದು ಬರುವುದು ಕಷ್ಟವೇ.

೧೮೫೮ರ ಫೆಬ್ರವರಿ ೭ರಂದು ಕ್ಯಾಪ್ಟನ್ ವಿಂಡಮನು ಲಿಂಗಸುಗೂರಿನ ಪಡೆಯೊಡನೆ ಸುರಪುರದ ಕೆಳಗೆ ಬಂದನು. ಬೀಡು ಬಿಡಲು ರಾಜನ ಕಡೆಯವರು ಬೆಟ್ಟಗಳ ನಡುವಣ ಇಕ್ಕಟ್ಟಾದ ಒಂದು ಕಣಿವೆಯನ್ನು ತೋರಿಸಿದರು. ವಿಂಡಮನು ಆ ಜಾಗವನ್ನು ನೋಡಿ ಒಲ್ಲೆನೆಂದು, ಬಯಲಿನಲ್ಲಿ ಗುಡಾರ ಹೊಡೆಸಿದನು. ನನ್ನ ಅಭಿಪ್ರಾಯದಲ್ಲಿ ಸುರಪುರದ ಭವಿಷ್ಯ ತೀರ್ಮಾನವಾದುದು ಆ ಗಳಿಗೆಯಲ್ಲಿ. ದಾಳಿಯ ಹಂಚಿಕೆಯೆಲ್ಲ ಆ ಕಣಿವೆಯನ್ನು ನಂಬಿತ್ತು. ಬಂಡೆಗಳ ಮೇಲಿನಿಂದ ಇಳಿಯುವ ಬೇಡನು ಕತ್ತಲಲ್ಲಿ ಹುಲಿ. ಬಯಲಿನಲ್ಲಿ ತೋಪುಗಳ ಬಾಯಿಗೆ ಎದುರಾಗಿ ಓಡುವ ಬೇಡನು ಎಲ್ಲರಂತೆ ಒಬ್ಬ ಕಾಲಾಳು. ನೆಲ ಬದಲಾದ ಮೇಲೆ ಕೆಲಸವನ್ನು ನಿಲ್ಲಿಸುವ ಮಾತನ್ನು ಯಾರಾದರೂ ಆಡಬೇಕಾಗಿತ್ತು. ಕೂಗಾಟದ ನಡುವೆ, ಕಾದು ಕುಳಿತ ಸಾವಿರಾರು ಜನರ ಮುಂದೆ, ‘ಇಂದು ಬೇಡ’ ಎನ್ನಲು ಕಾಳಗಕ್ಕೆ ಹೋಗುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಇರುಳೆಲ್ಲ ದಾಳಿ ನಡೆಯಿತು. ಇರುಳೆಲ್ಲ ಅದನ್ನು ವಿಂಡಮನ ಪಡೆಯು ತಡೆದು ನಿಲ್ಲಿಸಿತು. ಬೆಳಕು ಹರಿಯುವ ವೇಳೆಗೆ ಹ್ಯೂಸನು ನೆರವಿಗೆ ಬಂದನು. ೮ರ ಕಾಳಗದಲ್ಲಿ ರೋಹಿಲರ ಗುಂಪಿನ ಮೇಲೆ ಏರಿಹೋದ ಮದರಾಸಿನ ಕುದುರೆಪಡೆಯ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಲೆಫ್ಟಿನೆಂಟ್ ಸ್ಟೂವರ್ಟನು ಗಾಯಗೊಂಡು ಉಳಿಯಲಿಲ್ಲ. ಆದರೆ ಇರುಳ ದಾಳಿಯ ಫಲ ಇರುಳಿನಲ್ಲಿಯೇ ದೊರಕದಿದ್ದರೆ ಹಗಲಿನಲ್ಲಿ ಮಾಡುವುದೇನೆಂಬುದಕ್ಕೆ ಸುರಪುರದಲ್ಲಿ ಉತ್ತರವಿರಲಿಲ್ಲ. ಹೊರಗಿನಿಂದ ಬರುವ ಧನಾಜಿ ಜಾಧವನಿರಲಿಲ್ಲ. ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದುದು ಮೂರು ತಿಂಗಳು ಕಳೆದ ಮೇಲೆ. ರಾಜನು ಕೆಲವೇ ಸವಾರರೊಡನೆ ಹೈದರಾಬಾದಿನ ದಾರಿ ಹಿಡಿದನು. ಬೇಡರು ಚೆದರಿದರು, ಊರು ಬರಿದಾಯಿತು.

ಹೈದರಾಬಾದಿನಲ್ಲಿ ರಾಜನು ಸೆರೆಸಿಕ್ಕಿದನು. ಟೇಲರನು ಸೆರೆಮನೆಗೆ ಹೋಗಿ ಅವನನ್ನು ಕಂಡನು. ಜೊತೆಗಾರರ ಹೆಸರುಗಳನ್ನು ಹೇಳಿದರೆ ಪ್ರಾಣ ಉಳಿಯಬಹುದೆಂಬ ಮಾತಿಗೆ ರಾಜನು ಒಪ್ಪಲಿಲ್ಲ. ಕಳ್ಳನಂತೆ ನೇಣಿಗೇರಿಸದೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲೆಂದು ಬೇಡಿದನು. ವಿಧಿಸಿದ ಶಿಕ್ಷೆ ಕಡಿಮೆಯಾಗುತ್ತ ಬಂದು, ಕಡೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ನಿಂತಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯು ಗುಡಾರದಲ್ಲಿ ಬಿಟ್ಟಿದ್ದ ಪಿಸ್ತೂಲಿನ ಗುಂಡಿನಿಂದ ೧೮೫೮ರ ಮೇ ತಿಂಗಳಲ್ಲಿ ಅವನು ಸತ್ತನು. ೧೮೬೦ರ ಒಪ್ಪಂದದಲ್ಲಿ ಇಂಗ್ಲಿಷರು ಸುರಪುರ ಸಂಸ್ಥಾನವನ್ನು ನಿಜಾಮನಿಗೆ ಒಪ್ಪಿಸಿದರು. ಆ ನಿಜಾಮನು, ೧೭೦೫ರಲ್ಲಿ ವಾಗಣಗೇರಾದ ಗೋಡೆಗಳ ಕೆಳಗೆ ಬೇಡರ ಗುಂಡುಗಳಿಗೆ ಎದುರಾಗಿ ನಿಂತಿದ್ದ ಚಿನ್ ಕಿಲಿಚ್ ಖಾನನ ವಂಶದವನು.