ಕ್ರೀಡಾಂಗಣ ಹತ್ತಿರ ಬಂದರೆ ಜನ ಬರುವರೇ?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಸೆಪ್ಟೆಂಬರ್ ಬಂತೆಂದರೆ ಫುಟ್‌ಬಾಲಿನ ಸುದ್ದಿ ಇರಲೇಬೇಕು. ಅವರ ಮಕ್ಕಳು ಈಗ ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಶನಿವಾರದ ಪಂದ್ಯವೆಂದರೆ ಅವರ ಮನೆಗಳಲ್ಲಿ ನಮ್ಮೂರ ತೇರಿನಷ್ಟೇ ಸಡಗರ. ಆ ಪತ್ರಗಳಲ್ಲಿ ಮತ್ತೆ ಮತ್ತೆ ಇಣುಕುವ ಪ್ರಶ್ನೆಯೊಂದು ನನ್ನೊಳಗಿನ ಚರಿತ್ರೆಯ ಮೇಷ್ಟರನ್ನು ಕೆಣಕಿತು. ಕ್ರೀಡಾಂಗಣವು ವಿಶ್ವವಿದ್ಯಾನಿಲಯದ ಆವರಣದಿಂದ ದೂರವಿರುವುದರಿಂದಲೇ ಆಸನಗಳು ಖಾಲಿ ಉಳಿಯುತ್ತವೆ, ಅದನ್ನು ಆವರಣದ ಸಮೀಪಕ್ಕೆ ತಂದರೆ ಜನ ತುಂಬುತ್ತಾರೆ ಎಂದು ಒಂದು ಪಕ್ಷ ವಾದಿಸುತ್ತದೆ. ತಂಡ ಗೆದ್ದರೆ ಎಲ್ಲಿದ್ದರೂ ಜನ ಬರುತ್ತಾರೆ, ಸೋತರೆ ಮನೆಯ ಎದುರಿಗಿದ್ದರೂ ಬರುವುದಿಲ್ಲ ಎಂದು ಇನ್ನೊಂದು ಪಕ್ಷ. ಇದರಲ್ಲಿ ಯಾವುದು ನಿಜವೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಈ ಪ್ರಯೋಗ ಅಮೆರಿಕದಲ್ಲಿ ಹಲವು ಬಾರಿ ನಡೆದುಹೋಗಿದೆ. ಅದರ ಚರಿತ್ರೆಯನ್ನು ಓದಿದರೆ ಸಾಕು.

ಊರಿನಲ್ಲಿರುವ ಓದುಗರಿಗಾಗಿ ಮೊದಲು ಒಂದು ಮಾತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಿನಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ ಅದು. ವೃತ್ತಿಪರ ತಂಡಗಳ ಜೊತೆಗೆ ವಿಶ್ವವಿದ್ಯಾನಿಲಯಗಳ ತಂಡಗಳೂ ಇದನ್ನು ಆಡುತ್ತವೆ. ಎಂಬತ್ತು, ತೊಂಬತ್ತು ಸಾವಿರ, ಕೆಲವೆಡೆ ಒಂದು ಲಕ್ಷಕ್ಕೂ ಮಿಕ್ಕಿ ಜನ ಕುಳಿತು ನೋಡುವ ವಿಶ್ವವಿದ್ಯಾನಿಲಯದ ಪಂದ್ಯಗಳಿವೆ. ಹೀಗಾಗಿ ಕ್ರೀಡಾಂಗಣ ಎಲ್ಲಿರಬೇಕೆಂಬುದು ಅಲ್ಲಿ ಕೋಟಿಗಟ್ಟಲೆ ಡಾಲರುಗಳ ಪ್ರಶ್ನೆ.

ಈ ಚರ್ಚೆಗೆ ಅತ್ಯುತ್ತಮ ಉದಾಹರಣೆ ಮಿನ್ನೆಸೋಟಾ ವಿಶ್ವವಿದ್ಯಾನಿಲಯ. ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ ಅದು ಹರಡಿಕೊಂಡಿದೆ. ಅದರ ತಂಡದ ಹೆಸರು ಗೋಫರ್ಸ್. ಗೋಫರ್ ಎಂದರೆ ನೆಲದಲ್ಲಿ ಬಿಲ ತೋಡುವ, ಅಳಿಲಿನಂಥ ಒಂದು ಪ್ರಾಣಿ. ಮೊದಲನೆಯ ಮಹಾಯುದ್ಧದ ಸ್ಮಾರಕವಾಗಿ ಅಲ್ಲಿ ಆವರಣದೊಳಗೇ ಇಟ್ಟಿಗೆಯ ಕ್ರೀಡಾಂಗಣವೊಂದನ್ನು ಕಟ್ಟಿ, 1924ರಲ್ಲಿ ಅದಕ್ಕೆ ಮೆಮೋರಿಯಲ್ ಸ್ಟೇಡಿಯಂ ಎಂದು ಹೆಸರಿಟ್ಟರು. ಬರ್ನಿ ಬೀರ್ಮನ್ ಎಂಬ ತರಬೇತುದಾರನ ಕಾಲದಲ್ಲಿ ತಂಡವು 1934, 1935, 1936, 1940 ಮತ್ತು 1941ರಲ್ಲಿ ರಾಷ್ಟ್ರದ ಅಗ್ರಪಟ್ಟವನ್ನು ಗಳಿಸಿತು. 1960ರಲ್ಲಿ ಮತ್ತೊಮ್ಮೆ ಆ ಪಟ್ಟ ಬಂತು.

ಅಲ್ಲಿಂದ ಇಳಿಗಾಲ. 1961ರಲ್ಲಿ ವೈಕಿಂಗ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡವೂ ಟ್ವಿನ್ಸ್ ಎಂಬ ಬೇಸ್‌ಬಾಲ್ ತಂಡವೂ ಏಕಕಾಲಕ್ಕೆ ಆ ಪ್ರದೇಶಕ್ಕೆ ಬಂದವು. ಅದುವರೆಗೆ ನಗರದ ಜನಕ್ಕೆ ಇದ್ದ ದೊಡ್ಡ ಆಟವೆಂದರೆ ವಿಶ್ವವಿದ್ಯಾನಿಲಯದ್ದೇ. ಈಗ ಆಯ್ಕೆಗಳು ಹೆಚ್ಚಿದವು, ಗೋಫರ್ಸ್ ತಂಡದ ಗೆಲುವುಗಳು ಕಡಿಮೆಯಾದವು. 1970ರ ದಶಕದಲ್ಲಿ ಮೆಮೋರಿಯಲ್ ಸ್ಟೇಡಿಯಂನ ಆಸನಗಳು ಖಾಲಿ ಉಳಿಯತೊಡಗಿದವು. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು: ಆ ಖಾಲಿ ಆಸನಗಳು ಇದ್ದದ್ದು ಆವರಣದ ಒಳಗೇ.

ಆಗ ಹುಟ್ಟಿದ ಪರಿಹಾರ ಇಂದಿನ ವಾದಕ್ಕೆ ತೀರ ವಿರುದ್ಧವಾದದ್ದು. ನಗರದ ಮಧ್ಯದಲ್ಲಿ 6 ಕೋಟಿ 80 ಲಕ್ಷ ಡಾಲರ್ ವೆಚ್ಚದಲ್ಲಿ ಮೆಟ್ರೋಡೋಮ್ ಎಂಬ, ಗಾಳಿಯ ಒತ್ತಡದಿಂದಲೇ ಎತ್ತಿ ನಿಲ್ಲಿಸಿದ ಬಟ್ಟೆಯ ಚಾವಣಿಯ ಕ್ರೀಡಾಂಗಣವನ್ನು ಕಟ್ಟಲಾಗಿತ್ತು. ಹಿಮ ಸುರಿಯುವ ನಾಡಿನಲ್ಲಿ ಬೆಚ್ಚಗೆ ಕುಳಿತು ಆಟ ನೋಡಬಹುದೆಂದರೆ ಯಾರು ಬೇಡವೆಂದಾರು? 1982ರಲ್ಲಿ ಗೋಫರ್ಸ್ ಅಲ್ಲಿಗೆ ಹೋದರು. ದೂರ ಎಷ್ಟು ಬಲ್ಲಿರಾ? ಎರಡು ಮೈಲಿಯ ಆಸುಪಾಸು. ನಮ್ಮ ಶಾಲೆಗೆ ಅದಕ್ಕಿಂತ ದೂರದ ಹಳ್ಳಿಗಳಿಂದ ನಿತ್ಯ ನಡೆದು ಬಂದವರು ನಿಮ್ಮಲ್ಲೇ ಅನೇಕರಿದ್ದೀರಿ.

ಮೆಟ್ರೋಡೋಮ್‌ನ ಇಪ್ಪತ್ತೇಳು ಋತುಗಳ ಕಥೆಯಲ್ಲಿ ಏರಿಳಿತಗಳಿವೆ. 1983ರಲ್ಲಿ ತಂಡ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಹತ್ತು. ನೆಬ್ರಾಸ್ಕಾ ತಂಡ ಇದೇ ಚಾವಣಿಯ ಕೆಳಗೆ 84-13ರಿಂದ ಮಣ್ಣುಮುಕ್ಕಿಸಿತು. ಮರುವರ್ಷ ಲೂ ಹೋಲ್ಟ್ಸ್ ಎಂಬ ಮಾತುಗಾರ ತರಬೇತುದಾರ ಬಂದ. ತಂಡ ಚೇತರಿಸಿಕೊಂಡಿತು. 1985ರಲ್ಲಿ, ಆ ವರ್ಷದ ರಾಷ್ಟ್ರೀಯ ಅಗ್ರಪಟ್ಟವನ್ನು ಗಳಿಸಲಿದ್ದ ಒಕ್ಲಹೋಮಾ ತಂಡದೆದುರು ಗೋಫರ್ಸ್ 13-7ರ ಅಲ್ಪ ಅಂತರದಲ್ಲಿ ಸೋತ ದಿನ ಅದೇ ಮೆಟ್ರೋಡೋಮ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಜನರಿದ್ದರು. ಆ ವರ್ಷದ ಕೊನೆಗೆ ಹೋಲ್ಟ್ಸ್ ನೋಟರ್‌ಡೇಮ್ ವಿಶ್ವವಿದ್ಯಾನಿಲಯಕ್ಕೆ ಹೊರಟುಹೋದ. ಎರಡು ವರ್ಷಗಳಲ್ಲಿ ಕ್ರೀಡಾಂಗಣ ಒಂದು ಗಜವೂ ಸರಿದಿರಲಿಲ್ಲ, ಬದಲಾದದ್ದು ಆಟದ ಗುಣ.

ಹಾಗೆಂದು ಆ ಎರಡು ಮೈಲಿಗೆ ಬೆಲೆಯೇ ಇರಲಿಲ್ಲವೆನ್ನಲಾಗದು. ವಿಶ್ವವಿದ್ಯಾನಿಲಯ ಅಲ್ಲಿ ಬಾಡಿಗೆದಾರ. ವೃತ್ತಿಪರ ತಂಡಗಳ ಮನೆಯಲ್ಲಿ ಒಂದು ಕೋಣೆ ಹಿಡಿದಂತೆ. ಮೊದಲೆಲ್ಲ ವಿದ್ಯಾರ್ಥಿಯು ಹಾಸ್ಟೆಲ್ಲಿನಿಂದ ಕಾಲುನಡಿಗೆಯಲ್ಲಿ ಪಂದ್ಯಕ್ಕೆ ಹೋಗಿ ಬರುತ್ತಿದ್ದ. ಮೂವತ್ತು ವರ್ಷದ ಹಿಂದೆ ಓದಿದವರು ಮಕ್ಕಳ ಕೈಹಿಡಿದು ತಮ್ಮ ಹಳೆಯ ತರಗತಿಗಳ ಮುಂದೆ ಹಾದು ಆಟಕ್ಕೆ ಹೋಗುತ್ತಿದ್ದರು. ಪಂದ್ಯ ನದಿಯಾಚೆಗೆ ಹೋದಾಗ ಶನಿವಾರದ ಆವರಣ ಬರಿದಾಯಿತು. ಮೆಮೋರಿಯಲ್ ಸ್ಟೇಡಿಯಂ ಅನ್ನು 1992ರಲ್ಲಿ ಕೆಡವಿದರು. ಅದರ ಕಮಾನನ್ನು ಮಾತ್ರ ಉಳಿಸಿಕೊಂಡು, ಅದೇ ಸ್ಥಳದಲ್ಲಿ 2000ದಲ್ಲಿ ತೆರೆದ ಹಳೆಯ ವಿದ್ಯಾರ್ಥಿಗಳ ಭವನದೊಳಗೆ ಮರುಜೋಡಿಸಿದ್ದಾರೆ. ಬೇಡವೆಂದು ಬಿಟ್ಟುಬಂದ ಕಟ್ಟಡದ ಕಮಾನನ್ನು ಯಾರೂ ಹೀಗೆ ಜೋಪಾನ ಮಾಡುವುದಿಲ್ಲ.

ಕೊನೆಗೆ ಮರಳಿ ಬರಲು ನಿಶ್ಚಯಿಸಿದರು. 2006ರಲ್ಲಿ ರಾಜ್ಯದ ಶಾಸಕಾಂಗ ಒಪ್ಪಿಗೆ ನೀಡಿತು. ಒಟ್ಟು ವೆಚ್ಚ 28 ಕೋಟಿ 85 ಲಕ್ಷ ಡಾಲರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ರಾಜ್ಯ ಹೊತ್ತಿತು. ಟಿಸಿಎಫ್ ಬ್ಯಾಂಕ್ 3 ಕೋಟಿ 50 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರನ್ನು ಇಡಿಸಿಕೊಂಡಿತು. ಅಲ್ಲಿನ ಮೂಲನಿವಾಸಿಗಳಾದ ಶಾಕೋಪಿ ಮಡೆವಕಾಂಟನ್ ಸೂ ಸಮುದಾಯ 1 ಕೋಟಿ ಡಾಲರ್ ದಾನವಿತ್ತಿತು, ಅದರ ಮೇಲೆ 25 ಲಕ್ಷವನ್ನು ವಿದ್ಯಾರ್ಥಿವೇತನಕ್ಕೆಂದು ನೀಡಿತು. ವಿದ್ಯಾರ್ಥಿಗಳ ಮೇಲೂ ವರ್ಷಕ್ಕೆ 25 ಡಾಲರಿನ ಶುಲ್ಕ ಬಿತ್ತು. ಫುಟ್‌ಬಾಲ್ ನೋಡದವರೂ ಅದನ್ನು ತೆರಬೇಕಾಗಿತ್ತೆಂಬುದು ಗಮನಾರ್ಹ.

ಹಳೆಯ ಜಾಗಕ್ಕೆ ಕೂಗಳತೆಯಲ್ಲಿ 50 ಸಾವಿರ ಆಸನಗಳ ಹೊಸ ಕ್ರೀಡಾಂಗಣ ಎದ್ದಿತು. 2009ರ ಸೆಪ್ಟೆಂಬರ್ 12ರಂದು ಏರ್ ಫೋರ್ಸ್ ತಂಡವನ್ನು 20-13ರಿಂದ ಸೋಲಿಸಿ ಗೃಹಪ್ರವೇಶ ಮಾಡಿದರು. ಮೊದಲ ಋತುವಿನಲ್ಲಿ ಕ್ರೀಡಾಂಗಣ ತುಂಬಿ ತುಳುಕಿತು. ಹಿಂದಿನ ವರ್ಷ ಮೆಟ್ರೋಡೋಮ್‌ನ ಕೊನೆಯ ಪಂದ್ಯದಲ್ಲಿ ಇದೇ ತಂಡ ಅಯೋವಾದ ಕೈಯಲ್ಲಿ 55-0ರಿಂದ ಸೋತಿತ್ತು ಎಂಬುದನ್ನು ನೆನೆದರೆ, ಸ್ಥಳಬದಲಾವಣೆಯೇ ಪವಾಡ ಮಾಡಿತೆಂದು ನಂಬುವುದು ಸಹಜ.

ಆದರೆ ಚರಿತ್ರೆಯ ವಿದ್ಯಾರ್ಥಿ ಒಂದು ವರ್ಷದ ಅಂಕಿಯನ್ನು ನೋಡಿ ತೀರ್ಪು ಕೊಡಬಾರದು. 2010ರಲ್ಲಿ ತಂಡ ಒಂಬತ್ತು ಪಂದ್ಯಗಳನ್ನು ಸೋತಿತು, ತರಬೇತುದಾರನನ್ನು ಋತುವಿನ ನಡುವೆಯೇ ಮನೆಗೆ ಕಳಿಸಿದರು. ಹೊಸತನದ ಹೊಳಪು ಮಾಸುತ್ತ ಬಂತು. 2018ರ ಹೊತ್ತಿಗೆ ಸರಾಸರಿ ಹಾಜರಾತಿ 40 ಸಾವಿರಕ್ಕಿಂತ ಕೆಳಗಿಳಿಯಿತು.

ಈ ಹಾಜರಾತಿಯ ಅಂಕಿಗಳ ಬಗೆಗೂ ಒಂದು ಎಚ್ಚರಿಕೆ ಬೇಕು. ಆಧಾರಗಳನ್ನು ಪರೀಕ್ಷಿಸದೆ ಬರೆಯಬೇಡಿ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದದ್ದು ನಿಮಗೆ ನೆನಪಿರಬಹುದು. ವಿಶ್ವವಿದ್ಯಾನಿಲಯಗಳು ಪ್ರಕಟಿಸುವ ಸಂಖ್ಯೆ ಸಾಮಾನ್ಯವಾಗಿ ವಿತರಿಸಿದ ಟಿಕೆಟ್ಟುಗಳ ಲೆಕ್ಕ, ಒಳಗೆ ಬಂದ ತಲೆಗಳದ್ದಲ್ಲ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ದ್ವಾರದಲ್ಲಿ ಯಂತ್ರ ಎಣಿಸಿದ ಅಂಕಿಗಳನ್ನು ಬಯಲಿಗೆ ತಂದಿತು. 2017ರ ನವೆಂಬರಿನಲ್ಲಿ ಮಿನ್ನೆಸೋಟಾ-ನೆಬ್ರಾಸ್ಕಾ ಪಂದ್ಯಕ್ಕೆ ಘೋಷಿತ ಹಾಜರಾತಿ 39,933. ದ್ವಾರದಲ್ಲಿ ಎಣಿಕೆಯಾದದ್ದು 25,493. ಟಿಕೆಟ್ ಕೊಂಡವರೇ ಬರಲಿಲ್ಲ! ಆವರಣದ ನಟ್ಟನಡುವಿನ ಕ್ರೀಡಾಂಗಣದ ಸ್ಥಿತಿಯಿದು.

ಇದಕ್ಕೆ ತಂಡದ ಸೋಲೊಂದೇ ಕಾರಣವಲ್ಲ. ದೇಶದಾದ್ಯಂತ ಮೇಲ್ದರ್ಜೆಯ ವಿಶ್ವವಿದ್ಯಾನಿಲಯಗಳ ಪಂದ್ಯಗಳ ಸರಾಸರಿ ಹಾಜರಾತಿ 2008ರಲ್ಲಿ 46 ಸಾವಿರ ದಾಟಿದ್ದದ್ದು 2018ರಲ್ಲಿ 42 ಸಾವಿರಕ್ಕಿಂತ ಕೆಳಗೆ ಬಂದಿತ್ತು. ಮಿನ್ನೆಸೋಟಾ ಸೇರಿರುವ ಬಿಗ್ ಟೆನ್ ಒಕ್ಕೂಟ 2007ರಲ್ಲಿ ತನ್ನದೇ ದೂರದರ್ಶನ ವಾಹಿನಿಯನ್ನು ಆರಂಭಿಸಿತು. ಹಿಂದೆ ಕ್ರೀಡಾಂಗಣಕ್ಕೆ ಹೋಗದೆ ನೋಡಲಾಗದ ಪಂದ್ಯಗಳು ಮನೆಯ ಸೋಫಾದ ಎದುರಿಗೆ ಬಂದವು. ಅದಕ್ಕಿಂತ ಹತ್ತಿರಕ್ಕೆ ಯಾವ ಕ್ರೀಡಾಂಗಣವನ್ನೂ ತರಲಾಗದು.

ಇನ್ನು ನ್ಯೂ ಆರ್ಲಿಯನ್ಸ್‌ನ ಟ್ಯುಲೇನ್ ವಿಶ್ವವಿದ್ಯಾನಿಲಯದ ಕಥೆ. ಅಲ್ಲಿಯೂ 1926ರಿಂದ ಆವರಣದಲ್ಲೇ ಕ್ರೀಡಾಂಗಣವಿತ್ತು. ಅದು ಬೆಳೆಯುತ್ತ ಎಂಬತ್ತು ಸಾವಿರ ಜನ ಕೂರುವಷ್ಟಾಗಿ, ವೃತ್ತಿಪರ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯಕ್ಕೂ ಮೂರು ಬಾರಿ ನೆಲೆಯಾಯಿತು. 1975ರಲ್ಲಿ ತಂಡ ನಗರದ ಸೂಪರ್‌ಡೋಮ್‌ಗೆ ಹೋಯಿತು, ಹಳೆಯದನ್ನು ಕೆಡವಿದರು. ಟ್ಯುಲೇನ್ ದೊಡ್ಡ ವಿಶ್ವವಿದ್ಯಾನಿಲಯವೇನಲ್ಲ. ಎಪ್ಪತ್ತು ಸಾವಿರ ಆಸನಗಳ ನಡುವೆ ಇಪ್ಪತ್ತು ಸಾವಿರ ಜನ ಕುಳಿತರೂ ಬಿಕೋ ಎನ್ನುತ್ತದೆ. 1998ರಲ್ಲಿ ತಂಡ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದಿತು. ಆದರೆ ಅಂಥ ಗೆಲುವು ನಿತ್ಯದ ಮಾತಾಗಿರಲಿಲ್ಲ. 2014ರಲ್ಲಿ, ನೆರೆಹೊರೆಯ ನಿವಾಸಿಗಳ ಆಕ್ಷೇಪಣೆಗಳನ್ನು ದಾಟಿ, 30 ಸಾವಿರ ಜನರ ಯುಲ್ಮನ್ ಸ್ಟೇಡಿಯಂ ಆವರಣದಲ್ಲಿ ತೆರೆಯಿತು. ಮೊದಲ ನಾಲ್ಕು ಋತುಗಳಲ್ಲೂ ಗೆಲುವಿಗಿಂತ ಸೋಲೇ ಹೆಚ್ಚು. 2021ರಲ್ಲಿ ಎರಡು ಗೆಲುವು, ಹತ್ತು ಸೋಲು. 2022ರಲ್ಲಿ ಅದೇ ತಂಡ ಪುಟಿದೆದ್ದು ಡಿಸೆಂಬರ್ 3ರಂದು ಸೆಂಟ್ರಲ್ ಫ್ಲಾರಿಡಾವನ್ನು 45-28ರಿಂದ ಸೋಲಿಸಿ ಒಕ್ಕೂಟದ ಪಟ್ಟವನ್ನು ಗೆದ್ದಾಗ ಯುಲ್ಮನ್ ಭರ್ತಿಯಾಗಿತ್ತು. ಆ ಸಂಜೆ ಸಂಭ್ರಮ ಆವರಣದೊಳಗೇ ನಡೆಯಿತು. ಪರಾಯಿ ಸೂರಿನಲ್ಲಿ ಗೆದ್ದ 1998ಕ್ಕೂ ಸ್ವಂತ ಅಂಗಳದಲ್ಲಿ ಗೆದ್ದ 2022ಕ್ಕೂ ಇರುವ ವ್ಯತ್ಯಾಸ ಅದು.

ಇನ್ನು ದೂರವೆಂದರೆ ದೂರವೆನ್ನಬಹುದಾದ ಉದಾಹರಣೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎ. 1965ರಲ್ಲಿ ಆವರಣದಲ್ಲೇ 44 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟುವ ಯೋಜನೆ ಸುತ್ತಲಿನ ಪ್ರಭಾವಿ ನಿವಾಸಿಗಳ ವಿರೋಧದಿಂದ ನಿಂತುಹೋಯಿತು. 1982ರಿಂದ ತಂಡ ಸುಮಾರು 25 ಮೈಲಿ ಆಚೆಯ ಪಸಾಡೆನಾದ ರೋಸ್ ಬೌಲ್‌ನಲ್ಲಿ ಆಡತೊಡಗಿತು. ಆ ನಗರದ ವಾಹನದಟ್ಟಣೆ ಲೋಕಪ್ರಸಿದ್ಧ. ಆದರೂ ತಂಡ ಹತ್ತು ಪಂದ್ಯ ಗೆದ್ದ 2014ರಲ್ಲಿ ಸರಾಸರಿ 76 ಸಾವಿರಕ್ಕೂ ಹೆಚ್ಚು ಜನ ಬಂದರು. 2022ರ ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಬಂದವರು 27,143. ಸುಡುಬಿಸಿಲು, ರಜಾದಿನಗಳು, ಆಕರ್ಷಣೆಯಿಲ್ಲದ ಎದುರಾಳಿ. ತರಗತಿಗಳು ಇನ್ನೂ ಆರಂಭವಾಗದೆ ವಿದ್ಯಾರ್ಥಿಗಳು ಊರಲ್ಲೇ ಇರಲಿಲ್ಲ. 25 ಮೈಲಿ ಎರಡೂ ವರ್ಷ 25 ಮೈಲಿಯೇ. ಹೋಗಬೇಕೆಂಬ ಆಸೆ ಬಲವಾಗಿದ್ದಾಗ ದೂರ ಲೆಕ್ಕಕ್ಕೆ ಬರುವುದಿಲ್ಲ, ಆಸೆ ತಗ್ಗಿದಾಗ ಅದೇ ಮೊದಲ ನೆಪವಾಗುತ್ತದೆ. ಒಳ್ಳೆಯ ಮೇಳ ಬಂದರೆ ಹರದಾರಿ ನಡೆದು ಹೋಗಿ ಬೆಳಗಿನವರೆಗೆ ಬಯಲಾಟ ನೋಡುತ್ತಿದ್ದ ನಮ್ಮ ಹಿರಿಯರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ನನ್ನ ತೀರ್ಮಾನವೇನು? ಹಾಜರಾತಿಯನ್ನು ಶಾಶ್ವತವಾಗಿ ಹೆಚ್ಚಿಸುವ ಮದ್ದೆಂದು ಕ್ರೀಡಾಂಗಣವನ್ನು ಸಮೀಪಕ್ಕೆ ತಂದವರಿಗೆ ದೊರೆತದ್ದು ಒಂದೆರಡು ವರ್ಷದ ನೂಕುನುಗ್ಗಲು. ಆಮೇಲೆ ಗೆಲುವು-ಸೋಲುಗಳ ಹಳೆಯ ಲೆಕ್ಕವೇ ನಡೆಯುತ್ತದೆ. ಕಾರಿನಲ್ಲಿ ಬರುವ ನಗರದ ಪ್ರೇಕ್ಷಕನಿಗೆ ಐದು ಮೈಲಿಯ ವ್ಯತ್ಯಾಸ ದೊಡ್ಡದಲ್ಲ. ಅದು ದೊಡ್ಡದಾಗುವುದು ಕಾರಿಲ್ಲದ ಹದಿನೆಂಟರ ವಿದ್ಯಾರ್ಥಿಗೆ. 2019ರ ನವೆಂಬರ್ 9ರಂದು, ಅದುವರೆಗೆ ಸೋಲರಿಯದಿದ್ದ ಪೆನ್ ಸ್ಟೇಟ್ ತಂಡವನ್ನು ಮಿನ್ನೆಸೋಟಾ 31-26ರಿಂದ ಸೋಲಿಸಿದಾಗ ಕ್ರೀಡಾಂಗಣದಲ್ಲಿ 51,883 ಜನರಿದ್ದರು. ಮುಗಿದೊಡನೆ ವಿದ್ಯಾರ್ಥಿಗಳು ಮೈದಾನಕ್ಕೆ ಧುಮುಕಿ ಆಟಗಾರರೊಡನೆ ಕುಣಿದರು. ಜನರನ್ನು ಕರೆತಂದದ್ದು ಗೆಲುವು. ಆ ಸಂತೋಷವನ್ನು ಹಾಸ್ಟೆಲ್ಲಿನ ದಾರಿಯುದ್ದಕ್ಕೂ ಕೊಂಡೊಯ್ಯಲು ಸಾಧ್ಯವಾದದ್ದು ಕ್ರೀಡಾಂಗಣ ಅಲ್ಲಿದ್ದುದರಿಂದ.

ಈ ಎರಡನೆಯ ಲಾಭಕ್ಕೂ ಬೆಲೆಯಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಆಸನಗಳು ತುಂಬುತ್ತವೆ, ಹಣ ಮರಳುತ್ತದೆ ಎಂದು ಲೆಕ್ಕ ತೋರಿಸಿ, ಆಟವನ್ನೇ ನೋಡದ ಬಡ ವಿದ್ಯಾರ್ಥಿಯಿಂದಲೂ ಶುಲ್ಕ ವಸೂಲು ಮಾಡುವುದು ನ್ಯಾಯವೆನಿಸದು. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಸೌತ್ ಫ್ಲಾರಿಡಾ ವಿಶ್ವವಿದ್ಯಾನಿಲಯ 2024ರ ನವೆಂಬರಿನಲ್ಲಿ ಆವರಣದಲ್ಲೇ ಹೊಸ ಕ್ರೀಡಾಂಗಣಕ್ಕೆ ಭೂಮಿಪೂಜೆ ಮಾಡಿತು. 2027ರಲ್ಲಿ ತೆರೆಯುವ ಉದ್ದೇಶ. ಅಲ್ಲಿ ಮೊದಲ ವರ್ಷ ಬರುವ ಜನಸಂಖ್ಯೆಯನ್ನು ನೋಡಿ ಯಾರಾದರೂ ಜಯಘೋಷ ಮಾಡಿದರೆ, ಐದನೆಯ ವರ್ಷದವರೆಗೆ ಕಾಯಿರಿ ಎಂದು ಹೇಳಿ.

ಮಿನಿಯಾಪೊಲಿಸ್, ನ್ಯೂ ಆರ್ಲಿಯನ್ಸ್, ಟ್ಯಾಂಪಾಗಳಲ್ಲಿರುವ ನಮ್ಮವರು ಮಕ್ಕಳೊಡನೆ ಪಂದ್ಯಕ್ಕೆ ಹೋದಾಗ ವಿದ್ಯಾರ್ಥಿಗಳ ಸಾಲುಗಳನ್ನು ಒಮ್ಮೆ ಗಮನಿಸಿ, ಎಷ್ಟು ಮಂದಿ ಕೊನೆಯವರೆಗೆ ಕೂರುತ್ತಾರೆಂದು ನನಗೆ ಬರೆದು ತಿಳಿಸಿ. ಘೋಷಿತ ಅಂಕಿಗಿಂತ ನಿಮ್ಮ ಎಣಿಕೆಯನ್ನು ನಾನು ಹೆಚ್ಚು ನಂಬುತ್ತೇನೆ.